ಮೋಡದೊಳಗೆ ಹೊಕ್ಕ ಮಾತ್ರಕ್ಕೆ ಸುಸ್ಥಿತಿಯಲ್ಲಿರುವ ವಿಮಾನ ಬೀಳುವುದೇಕೆ?

ಪ್ರಶ್ನೆ: ಬದಿಯಡ್ಕದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗ ಮಹಾರಾಷ್ಟ್ರದಲ್ಲಿ ವಿಮಾನ ಚಾಲನೆಯ ತರಬೇತಿ ಪಡೆಯುತ್ತಿದ್ದಾನೆ. ರಜೆಯಲ್ಲಿ ಊರಿಗೆ ಬಂದಿದ್ದಾಗ, ಎಂಜಿನ್ ನಿಂತುಹೋದರೆ ಏನು ಗತಿ ಎಂದು ಅಕ್ಕ ಆತಂಕದಿಂದ ಕೇಳಿದಳು. ಅದಕ್ಕೆ ಅವನು, "ಅಮ್ಮ, ಎಂಜಿನ್ ನಿಂತರೂ ವಿಮಾನ ತೇಲುತ್ತಲೇ ಇಳಿಯುತ್ತದೆ, ಬಯಲು ನೋಡಿ ಇಳಿಸಬಹುದು. ನಮ್ಮಂಥವರು ಮೋಡದೊಳಗೆ ಮಾತ್ರ ಸಿಕ್ಕಿಕೊಳ್ಳಬಾರದು" ಎಂದ. ಅಂದಿನಿಂದ ಅಕ್ಕ ಬೆಳಗೆದ್ದು ಆಕಾಶ ನೋಡುವಂತಾಗಿದೆ, ಆ ಮಾತಿನ ಒಳಗುಟ್ಟು ನನಗೂ ತಿಳಿದಿಲ್ಲ.

ಮಳೆಗಾಲದಲ್ಲಿ ಬಜ್ಪೆಯಿಂದ ಮುಂಬೈಗೋ ಗಲ್ಫಿಗೋ ಹೋಗುವ ನಮ್ಮೂರಿನವರೆಲ್ಲ ಮೋಡದ ನಡುವೆಯೇ ಸಾಗುತ್ತಾರೆ. ಕಿಟಕಿಯ ಹೊರಗೆ ಬಿಳಿ ಬಿಟ್ಟು ಬೇರೇನೂ ಕಾಣದಿದ್ದರೂ ಎದುರಿಗಿಟ್ಟ ಚಹಾ ಚೆಲ್ಲುವುದಿಲ್ಲ. ಮೋಡವೆಂದರೆ ನೀರಿನ ಸಣ್ಣ ಹನಿಗಳು, ಅದು ಗೋಡೆಯೇನಲ್ಲ. ಹೀಗಿದ್ದೂ, ಯಂತ್ರದಲ್ಲಿ ಯಾವ ದೋಷವೂ ಇಲ್ಲದ ಸಣ್ಣ ಖಾಸಗಿ ವಿಮಾನ ಮೋಡ ಹೊಕ್ಕು ಕೆಲವೇ ನಿಮಿಷಗಳಲ್ಲಿ ನೆಲಕ್ಕಪ್ಪಳಿಸಿತು ಎಂಬ ಸುದ್ದಿಯನ್ನು ಮತ್ತೆ ಮತ್ತೆ ಓದುತ್ತೇವೆ. 1999ರ ಜುಲೈ 16ರ ರಾತ್ರಿ ಅಮೆರಿಕದ ಜಾನ್ ಎಫ್. ಕೆನಡಿ ಜೂನಿಯರ್ ತಾನೇ ಹಾರಿಸುತ್ತಿದ್ದ ಪೈಪರ್ ಸರಟೋಗಾ ವಿಮಾನ ಸಮುದ್ರಕ್ಕೆ ಬಿದ್ದು ಮೂವರು ತೀರಿಕೊಂಡಾಗ ಅಲ್ಲಿ ಮೋಡವೂ ಇರಲಿಲ್ಲ, ಬರಿಯ ಮಸುಕು ಇತ್ತು ಎನ್ನುತ್ತಾರೆ. ಈ ಮಸುಕು, ಮೋಡ, ಮಂಜು ವಿಮಾನಕ್ಕೆ ಮಾಡುವುದಾದರೂ ಏನು? ಬಲ್ಲವರು ವಿವರವಾಗಿ ತಿಳಿಸಿದರೆ ನನಗೂ ಅಕ್ಕನಿಗೂ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಪೈಲಟ್, ಕುಂಬಳೆ

ಟೀಚರೇ, ಮೋಡ ವಿಮಾನಕ್ಕೆ ಏನನ್ನೂ ಮಾಡುವುದಿಲ್ಲ, ಅದು ಕೆಡಿಸುವುದು ಚಾಲಕನ ದಿಕ್ಕು. ಗುಡುಗುಮೋಡದ ವಿಷಯ ಬೇರೆ, ಅದನ್ನು ಸದ್ಯಕ್ಕೆ ಬದಿಗಿಡೋಣ. ಸಾಮಾನ್ಯ ಮೋಡದೊಳಗೆ ರೆಕ್ಕೆ, ಎಂಜಿನ್ ಎಲ್ಲವೂ ಹೊರಗಿದ್ದಾಗ ಕೆಲಸ ಮಾಡುವಂತೆಯೇ ಮಾಡುತ್ತವೆ. ಇಲ್ಲವಾಗುವುದು ದಿಗಂತವೊಂದೇ. ನೆಲವೂ ಆಕಾಶವೂ ಕೂಡುವ ಆ ಗೆರೆಯನ್ನು ನೋಡಿಯೇ ಚಾಲಕನು ರೆಕ್ಕೆ ಸಮವಾಗಿದೆಯೇ, ಮೂಗು ಮೇಲಿದೆಯೇ ಕೆಳಗಿದೆಯೇ ಎಂದು ಕ್ಷಣಕ್ಷಣಕ್ಕೂ ತಿಳಿಯುತ್ತಾನೆ. ಕೆನಡಿ ಹಾರುತ್ತಿದ್ದ ರಾತ್ರಿ ಸಮುದ್ರದ ಮೇಲೆ ಮಸುಕು ಕವಿದು ಆ ಗೆರೆ ಅಳಿಸಿಹೋಗಿತ್ತು. ಅಮೆರಿಕದ ತನಿಖಾ ಮಂಡಳಿಯಾದ ಎನ್‌ಟಿಎಸ್‌ಬಿ, ಚಾಲಕ ದಿಗ್ಭ್ರಮೆಗೆ ಒಳಗಾಗಿ ವಿಮಾನದ ಹತೋಟಿ ತಪ್ಪಿದ್ದೇ ಕಾರಣವೆಂದು ತೀರ್ಮಾನಿಸಿತು. ನಮ್ಮ ಬೇಕಲದಲ್ಲಿ ಮುಸ್ಸಂಜೆ ಪಡುವಣಕ್ಕೆ ನೋಡಿದರೆ ಕಡಲು ಎಲ್ಲಿ ಮುಗಿಯಿತು, ಬಾನು ಎಲ್ಲಿ ಸುರುವಾಯಿತು ಎಂದು ಎಷ್ಟೋ ದಿನ ಹೇಳಲಾಗುವುದಿಲ್ಲವಷ್ಟೆ. ಅಂಥದ್ದೊಂದು ಸಂಜೆ ಸಾಕು, ಮೋಡವೇ ಬೇಕೆಂದಿಲ್ಲ.

ಈಗ ತಾವು ಹೇಳಿದ ಚಹಾದ ವಿಷಯ. ಚಹಾ ಚೆಲ್ಲದಿರುವುದೇ ಇಲ್ಲಿರುವ ಅಪಾಯ. ವಿಮಾನ ಒಂದು ಪಕ್ಕಕ್ಕೆ ವಾಲಿ ಸರಿಯಾಗಿ ತಿರುಗುವಾಗ, ಭೂಮಿಯ ಸೆಳೆತವೂ ತಿರುವಿನ ಬಲವೂ ಕೂಡಿ ಒಳಗಿರುವ ಎಲ್ಲವನ್ನೂ ನೇರವಾಗಿ ವಿಮಾನದ ನೆಲದ ಕಡೆಗೇ ಒತ್ತುತ್ತವೆ. ಲೋಟದ ಚಹಾ ಲೋಟದ ಬಾಯಿಗೆ ಸಮನಾಗಿಯೇ ನಿಲ್ಲುತ್ತದೆ, ಕುಳಿತವನ ಬೆನ್ನಿಗೂ ಸೊಂಟಕ್ಕೂ ನೆಟ್ಟಗೆ ಕುಳಿತಂತೆಯೇ ಅನಿಸುತ್ತದೆ. ಕಿಟಕಿಯಿಂದ ಹೊರಗೆ ನೋಡಿದರಷ್ಟೇ ವಿಮಾನ ವಾಲಿರುವುದು ತಿಳಿಯುತ್ತದೆ.

ಮೋಡದೊಳಗೆ ಆಗುವುದು ಹೀಗೆ. ಗಾಳಿಯ ಸಣ್ಣ ತಳ್ಳಿಗೋ ನಕ್ಷೆ ನೋಡಲು ಬಾಗಿದ್ದಕ್ಕೋ ಒಂದು ರೆಕ್ಕೆ ನಿಧಾನವಾಗಿ ತಗ್ಗುತ್ತದೆ, ಅದು ಚಾಲಕನ ಅರಿವಿಗೆ ಬರುವುದಿಲ್ಲ. ವಾಲಿದ ವಿಮಾನ ತಿರುಗತೊಡಗುತ್ತದೆ. ರೆಕ್ಕೆಯ ಎತ್ತುಬಲದ ಒಂದು ಪಾಲು ಆ ತಿರುವಿಗೇ ವ್ಯಯವಾಗುವುದರಿಂದ ಮೂಗು ತಗ್ಗಿ ವೇಗ ಏರುತ್ತದೆ. ಗಾಳಿಯ ಸದ್ದು ಹೆಚ್ಚಿದ್ದನ್ನು ಕೇಳಿ, ಎತ್ತರ ತೋರಿಸುವ ಆಲ್ಟಿಮೀಟರಿನ ಮುಳ್ಳು ಇಳಿಯುತ್ತಿರುವುದನ್ನು ಕಂಡ ಚಾಲಕ, ತಾನು ನೆಟ್ಟಗೆ ಕೆಳಗಿಳಿಯುತ್ತಿದ್ದೇನೆ ಎಂದು ನಂಬಿ ಕಂಟ್ರೋಲನ್ನು ತನ್ನ ಕಡೆಗೆ ಎಳೆಯುತ್ತಾನೆ. ವಾಲಿದ ಸ್ಥಿತಿಯಲ್ಲಿ ಎಳೆದರೆ ವಿಮಾನ ಮೇಲೇರದು, ಸುತ್ತು ಇನ್ನಷ್ಟು ಬಿಗಿಯಾಗುತ್ತದೆ. ಇನ್ನೂ ಎಳೆದರೆ ಇನ್ನೂ ಬಿಗಿ. ಕೊನೆಗೆ ನೆಲ ಬರುತ್ತದೆ, ಇಲ್ಲವೇ ತಡೆಯಲಾಗದ ಭಾರಕ್ಕೆ ರೆಕ್ಕೆಯೇ ಮುರಿಯುತ್ತದೆ. ಇದನ್ನು ಗ್ರೇವ್‌ಯಾರ್ಡ್ ಸ್ಪೈರಲ್, ಅಂದರೆ ಸ್ಮಶಾನದ ಸುರುಳಿ ಎನ್ನುತ್ತಾರೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣ ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ಮಂದಿಯನ್ನು ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನದಲ್ಲಿ ಕೂರಿಸಿ, ಪಕ್ಕದಲ್ಲಿ ಶಿಕ್ಷಕನಿದ್ದಂತೆ, ಹೊರಗಿನದು ಕಾಣದ ಹಾಗೆ ಮಾಡಿ ಪರೀಕ್ಷಿಸಿದರು. ಇಪ್ಪತ್ತೂ ಮಂದಿ ಹತೋಟಿ ಕಳೆದುಕೊಂಡರು, ಅವರಲ್ಲಿ 19 ಮಂದಿ ಬಿದ್ದದ್ದು ಮೇಲೆ ಹೇಳಿದ ಸುರುಳಿಗೇ. ಸರಾಸರಿ ಹಿಡಿದ ಸಮಯ 178 ಸೆಕೆಂಡು, ಅಂದರೆ ಮೂರು ನಿಮಿಷವೂ ಅಲ್ಲ. ಅತಿ ಬೇಗ ತಪ್ಪಿದವನಿಗೆ 20 ಸೆಕೆಂಡು ಸಾಕಾಗಿತ್ತು.

ಬಜ್ಪೆಯ ದೊಡ್ಡ ವಿಮಾನದಲ್ಲಿ ಉಪಕರಣದ ಹಾರಾಟವನ್ನೇ ದಿನನಿತ್ಯ ಮಾಡುವ ಇಬ್ಬರು ಪೈಲಟ್‌ಗಳಿರುತ್ತಾರೆ, ಆಟೋಪೈಲಟ್ ಇರುತ್ತದೆ, ಮುಂದಿನ ಮೋಡವನ್ನು ತೋರಿಸುವ ರೇಡಾರ್ ಇರುತ್ತದೆ. ಅಲ್ಲಿ ಕಿಟಕಿ ಬಿಳಿಯಾದರೂ ಕಪ್ಪಾದರೂ ಕೆಲಸ ಬದಲಾಗುವುದಿಲ್ಲ.

ಉತ್ತರ: ಕಿವಿ-ಮೂಗು-ಗಂಟಲು ವೈದ್ಯ, ಕಾಸರಗೋಡು

ಪೈಲಟ್ ಸರ್ ಅವರು ವಿಮಾನದ ಕಡೆಯಿಂದ ಹೇಳಿದ್ದಕ್ಕೆ ಶರೀರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ರೆಕ್ಕೆ ವಾಲಿದ್ದು ಏಕೆ ತಿಳಿಯುವುದಿಲ್ಲ ಎಂಬುದಕ್ಕೆ ಉತ್ತರ ಒಳಗಿವಿಯಲ್ಲಿದೆ. ಅಲ್ಲಿ ದ್ರವ ತುಂಬಿದ ಮೂರು ಅರೆವರ್ತುಲ ನಾಳಗಳಿವೆ, ಒಂದಕ್ಕೊಂದು ಅಡ್ಡವಾಗಿ ಕೂತಿವೆ. ನೀರು ತುಂಬಿದ ಚೆಂಬನ್ನು ಫಕ್ಕನೆ ತಿರುಗಿಸಿದರೆ ಚೆಂಬು ತಿರುಗುತ್ತದೆ, ನೀರು ಮೊದಲು ಅಲ್ಲೇ ನಿಲ್ಲುತ್ತದೆ. ನಾಳದಲ್ಲಿಯೂ ಹಾಗೆ ಹಿಂದುಳಿದ ದ್ರವವು ಸೂಕ್ಷ್ಮ ಕೂದಲುಗಳುಳ್ಳ ಕೋಶಗಳನ್ನು ಬಾಗಿಸುತ್ತದೆ, ಆ ಬಾಗುವಿಕೆಯನ್ನು ಮಿದುಳು ತಿರುವು ಎಂದು ಓದುತ್ತದೆ. ಆದರೆ ತಿರುಗುತ್ತಲೇ ಇದ್ದರೆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ದ್ರವವೂ ಅದೇ ವೇಗಕ್ಕೆ ಬರುತ್ತದೆ, ಕೂದಲು ನೆಟ್ಟಗಾಗುತ್ತದೆ, ನಿಂತಿದ್ದೇವೆ ಎಂದು ಮಿದುಳು ತೀರ್ಮಾನಿಸುತ್ತದೆ. ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನವಾದ ತಿರುವನ್ನಂತೂ ಈ ನಾಳಗಳು ಮೊದಲಿಗೇ ಗುರುತಿಸುವುದಿಲ್ಲ.

ಇದಕ್ಕಿಂತ ಕ್ರೂರವಾದದ್ದು ಮುಂದಿನ ಹಂತ. ಚಾಲಕ ಹೇಗೋ ತಿಳಿದುಕೊಂಡು ರೆಕ್ಕೆಯನ್ನು ಸಮ ಮಾಡಿದನೆನ್ನಿ. ಆಗ ನಾಳ ನಿಂತರೂ ದ್ರವ ಮುಂದಕ್ಕೆ ಹರಿಯುತ್ತಿರುತ್ತದೆ, ಹಾಗಾಗಿ ವಿಮಾನ ಎದುರು ದಿಕ್ಕಿಗೆ ವಾಲಿತೆಂದು ಅವನಿಗೆ ಬಲವಾಗಿ ಅನಿಸುತ್ತದೆ. ಆ ಅನಿಸಿಕೆ ಕಳೆಯಲೆಂದು ಅವನು ಮರಳಿ ಮೊದಲಿನ ಕಡೆಗೇ ವಾಲಿಸುತ್ತಾನೆ. ಸರಿಯಾದದ್ದನ್ನು ಮಾಡಿದಾಗ ದೇಹ ತಪ್ಪೆನ್ನುತ್ತದೆ, ತಪ್ಪಿಗೆ ಮರಳಿದಾಗ ಸಮಾಧಾನ ಕೊಡುತ್ತದೆ.

ಶಾಲೆಯಲ್ಲಿ ಇದನ್ನು ತೋರಿಸಬಹುದು ಟೀಚರ್. ತಿರುಗುವ ಕುರ್ಚಿಯಲ್ಲಿ ದೊಡ್ಡ ತರಗತಿಯ ವಿದ್ಯಾರ್ಥಿಯೊಬ್ಬನನ್ನು ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಒಂದೇ ವೇಗದಲ್ಲಿ ಸದ್ದಿಲ್ಲದೆ ತಿರುಗಿಸಿ. ಯಾವ ಕಡೆಗೆ ತಿರುಗುತ್ತಿದ್ದೇನೆಂದು ಬೆರಳಿನಿಂದ ತೋರಿಸುತ್ತಿರಲು ಹೇಳಿ. ಸ್ವಲ್ಪ ಹೊತ್ತಿಗೆ ಅವನ ಬೆರಳು ನಿಲ್ಲುತ್ತದೆ, ಕುರ್ಚಿ ನಿಂತಿರುವುದಿಲ್ಲ. ಆಮೇಲೆ ಮೆಲ್ಲನೆ ನಿಲ್ಲಿಸಿದರೆ ಬೆರಳು ಎದುರು ದಿಕ್ಕನ್ನು ತೋರಿಸುತ್ತದೆ. ಬೀಳದಂತೆ ಇಬ್ಬರು ಹಿಡಿದುಕೊಂಡಿರಲಿ. ಒಳಗಿವಿಯ ಈ ವ್ಯವಸ್ಥೆಯನ್ನು ಅಭ್ಯಸಿಸಿ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿಯವರ ಹೆಸರಿನ ಕುರ್ಚಿಯಲ್ಲೇ ಇಂದಿಗೂ ಪೈಲಟ್‌ಗಳಿಗೆ ಈ ಪಾಠ ಮಾಡುತ್ತಾರೆ.

ಮರುಪ್ರಶ್ನೆ: ಬದಿಯಡ್ಕದ ಶಿಕ್ಷಕಿ

ಡಾಕ್ಟ್ರೇ, ಪೈಲಟ್ ಸರ್, ಇಬ್ಬರಿಗೂ ಕೃತಜ್ಞತೆಗಳು. ಒಂದು ಸಂಶಯ ಉಳಿಯಿತು. ವಿಮಾನದ ಮುಂದಿನ ಫಲಕದಲ್ಲಿ ಕೃತಕ ದಿಗಂತ ತೋರಿಸುವ ಗಡಿಯಾರದಂಥ ಉಪಕರಣವಿದೆ ಎಂದು ಹುಡುಗ ಹೇಳಿದ್ದ. ದೇಹ ಸುಳ್ಳು ಹೇಳಿದರೂ ಉಪಕರಣ ನಿಜ ಹೇಳುತ್ತದಲ್ಲ, ಅದನ್ನು ನೋಡಿದರೆ ಸಾಲದೇ? ಅಲ್ಲದೆ ಇದು ಅನುಭವವಿಲ್ಲದವರಿಗೆ ಮಾತ್ರ ಆಗುವುದೇ?

ಉತ್ತರ: ನೀಲಗಿರಿಯ ಕನ್ನಡಿಗ, ಕೂನೂರು

ಅನುಭವದ ಪ್ರಶ್ನೆಗೆ ನಮ್ಮೂರಿನ ದುಃಖವೇ ಉತ್ತರವಾಗಿದೆ. 2021ರ ಡಿಸೆಂಬರ್ 8ರಂದು ಸೂಲೂರಿನಿಂದ ವೆಲ್ಲಿಂಗ್ಟನ್‌ಗೆ ಬರುತ್ತಿದ್ದ ವಾಯುಪಡೆಯ ಎಂಐ-17ವಿ5 ಹೆಲಿಕಾಪ್ಟರ್ ಇಲ್ಲಿಯ ಬೆಟ್ಟದ ಮಗ್ಗುಲಲ್ಲಿ ಬಿದ್ದು, ಜನರಲ್ ಬಿಪಿನ್ ರಾವತ್ ದಂಪತಿ ಸೇರಿ ಅದರಲ್ಲಿದ್ದ 14 ಮಂದಿಯೂ ತೀರಿಕೊಂಡರು. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ವಾರ ಹೋರಾಡಿ ಕೊನೆಯುಸಿರೆಳೆದರು. ಅದು ಸಣ್ಣ ಖಾಸಗಿ ವಿಮಾನವಲ್ಲ, ಚಾಲಕರು ಹೊಸಬರೂ ಅಲ್ಲ. 2022ರ ಜನವರಿಯಲ್ಲಿ ಹೊರಬಂದ ಪ್ರಾಥಮಿಕ ತನಿಖಾ ವರದಿ, ಕಣಿವೆಯ ಹವೆ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿದ್ದು, ಅದರಿಂದ ಚಾಲಕನಿಗೆ ದಿಗ್ಭ್ರಮೆಯಾಗಿದ್ದು ಕಾರಣವೆಂದಿತು. ಯಂತ್ರದೋಷವನ್ನೂ ಬುಡಮೇಲು ಕೃತ್ಯವನ್ನೂ ಅದು ತಳ್ಳಿಹಾಕಿತು.

ಇಲ್ಲಿ ಬದುಕುವವರಿಗೆ ಆ ಹವೆ ಗೊತ್ತು. ಮೇಟುಪಾಳ್ಯದ ಕಡೆಯ ಬಯಲು ಬಿಸಿಲಿನಲ್ಲಿ ಹೊಳೆಯುತ್ತಿರುವಾಗಲೇ ಕಣಿವೆಯಿಂದ ಮಂಜು ಮೇಲಕ್ಕೆ ತೆವಳುತ್ತ ಬಂದು, ಚಹಾ ತೋಟದಲ್ಲಿ ಎದುರು ಸಾಲಿನಲ್ಲಿ ಎಲೆ ಕೊಯ್ಯುತ್ತಿರುವವರನ್ನು ಮರೆಮಾಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಿಸಿಲು. ಕೆಳಗಿನ ಊರಿನ ಆಕಾಶ ನೋಡಿ ಮೇಲಿನದನ್ನು ಹೇಳಲು ಬರುವುದಿಲ್ಲ.

ಉತ್ತರ: ನಿವೃತ್ತ ಪೈಲಟ್, ಕುಂಬಳೆ

ನೀಲಗಿರಿಯವರ ಮಾತಿಗೆ ಇನ್ನೊಂದನ್ನು ಸೇರಿಸಬೇಕು. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ ಒಂಬತ್ತು ಮಂದಿ ಸತ್ತ ಸಿಕೋರ್ಸ್ಕಿ ಎಸ್-76 ಹೆಲಿಕಾಪ್ಟರಿನ ಚಾಲಕ ಸ್ವತಃ ಉಪಕರಣದ ಹಾರಾಟ ಕಲಿಸುವ ಅರ್ಹತೆಯುಳ್ಳವನು. ಮೋಡದಿಂದ ಮೇಲೆ ಬರಲು 4,000 ಅಡಿಗೆ ಏರುತ್ತಿದ್ದೇನೆ ಎಂದು ಅವನು ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವ ಎಟಿಸಿಗೆ ತಿಳಿಸಿದ. ಆ ಹೊತ್ತಿಗೆ ಹೆಲಿಕಾಪ್ಟರ್ ಎಡಕ್ಕೆ ವಾಲಿ ವೇಗವಾಗಿ ಇಳಿಯುತ್ತಿತ್ತು. ಅವನು ಸುಳ್ಳು ಹೇಳಲಿಲ್ಲ. ಅವನ ಶರೀರ ಅವನಿಗೆ ಏರುತ್ತಿದ್ದೇನೆ ಎಂದೇ ಹೇಳುತ್ತಿತ್ತು.

ಉಪಕರಣದ ಪ್ರಶ್ನೆ ಒಳ್ಳೆಯದು. ಕೃತಕ ದಿಗಂತ ನಿಜವನ್ನೇ ಹೇಳುತ್ತದೆ, ಆದರೆ ಅದೊಂದನ್ನೇ ದಿಟ್ಟಿಸಿ ಕೂರುವಂತಿಲ್ಲ. ಅದರಿಂದ ವೇಗಕ್ಕೆ, ವೇಗದಿಂದ ಎತ್ತರಕ್ಕೆ, ಅಲ್ಲಿಂದ ದಿಕ್ಕಿಗೆ, ಮರಳಿ ದಿಗಂತಕ್ಕೆ ಎಂದು ಕಣ್ಣು ಸುತ್ತುತ್ತಲೇ ಇರಬೇಕು, ಕೈಯ ಚಲನೆ ಬೆರಳಿನಷ್ಟು ಸಣ್ಣದಿರಬೇಕು. ಇದು ಅಭ್ಯಾಸದಿಂದ ಬರುವ ವಿದ್ಯೆ, ಅಭ್ಯಾಸ ಬಿಟ್ಟರೆ ಹೋಗುತ್ತದೆ. ಆದುದರಿಂದಲೇ ಇದಕ್ಕೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆಯಿದೆ. 1959ರ ಫೆಬ್ರವರಿ 3ರಂದು ಗಾಯಕ ಬಡ್ಡಿ ಹಾಲಿ ಇದ್ದ ಬೊನಾಂಜಾ ವಿಮಾನ ಹಿಮ ಬೀಳುತ್ತಿದ್ದ ಕಗ್ಗತ್ತಲಲ್ಲಿ ಹಾರಿ ಕೆಲವೇ ನಿಮಿಷಗಳಲ್ಲಿ ಬಿತ್ತು. 21ರ ಹರೆಯದ ಚಾಲಕನಿಗೆ ಆ ಅರ್ಹತೆ ಇರಲಿಲ್ಲ. ಅದರಲ್ಲಿದ್ದ ಹಳೆಯ ಮಾದರಿಯ ದಿಗಂತ ಸೂಚಕವು ಮೂಗಿನ ಏರಿಳಿತವನ್ನು ಅವನು ಕಲಿತದ್ದಕ್ಕೆ ತಿರುಗುಮುರುಗಾಗಿ ತೋರಿಸುತ್ತಿತ್ತು. ಉಪಕರಣ ಇದ್ದೂ ಅದನ್ನು ಓದಲು ಬಾರದಿದ್ದರೆ ಗತಿ ಅದೇ.

ಮೋಡಕ್ಕೆ ಸಿಕ್ಕಿಕೊಳ್ಳುವುದು ಹೇಗೆ ಎಂಬುದನ್ನು ನಮ್ಮ ಜಿಲ್ಲೆಯ ಭೂಮಿಯಲ್ಲೇ ವಿವರಿಸುತ್ತೇನೆ. ಹವಾಮಾನ ವರದಿಯಲ್ಲಿ ಉಷ್ಣಾಂಶದ ಜೊತೆಗೆ, ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶವಾದ ಇಬ್ಬನಿ ಬಿಂದುವನ್ನೂ ಕೊಡುತ್ತಾರೆ. ಎರಡರ ನಡುವಣ ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು 125 ಮೀಟರ್ ಎತ್ತರದಲ್ಲಿ ಮೋಡದ ತಳ ಕಟ್ಟುತ್ತದೆ ಎಂಬುದು ಪೈಲಟ್‌ಗಳ ಅಂದಾಜು ಲೆಕ್ಕ. ಕರಾವಳಿಯಲ್ಲಿ ಉಷ್ಣಾಂಶ 30, ಇಬ್ಬನಿ ಬಿಂದು 25 ಇದ್ದರೆ ಮೋಡದ ತಳ 600 ಮೀಟರಿನ ಆಸುಪಾಸು. ಕುಂಬಳೆಯ ಕಡಲತೀರದ ಮೇಲೆ ಅದರ ಕೆಳಗೆ ಧಾರಾಳ ಜಾಗವಿದೆ. ಅದೇ ವಿಮಾನ ಮೂಡಣಕ್ಕೆ ತಿರುಗಿ ಪನತ್ತಡಿಯ ಕಡೆಗೆ ಸಾಗಿದರೆ ಮೋಡದ ತಳ ಇದ್ದಲ್ಲೇ ಇರುತ್ತದೆ, ನೆಲ ಮಾತ್ರ ಏರುತ್ತ ಬರುತ್ತದೆ. ಸುಮಾರು ಸಾವಿರ ಮೀಟರಿನ ರಾಣಿಪುರದ ನೆತ್ತಿ ಆಗಲೇ ಮೋಡದೊಳಗಿರುತ್ತದೆ. ಪಡುಗಾಳಿಯನ್ನು ಘಟ್ಟವೇ ಮೇಲಕ್ಕೆ ತಳ್ಳಿ ತಂಪಾಗಿಸುವುದರಿಂದ ಅಲ್ಲಿ ತಳ ಇನ್ನೂ ತಗ್ಗಿರುವುದೂ ಉಂಟು. ಚಾಲಕ ಒಂದು ಗಳಿಗೆಯಲ್ಲಿ ಮೋಡ ಹೊಗುವುದಿಲ್ಲ. ಇನ್ನೂ ಸ್ವಲ್ಪ ಮುಂದೆ, ಇನ್ನೊಂದು ಗುಡ್ಡ ದಾಟಿದರೆ ತೆರವಾದೀತು ಎಂದು ಸಾಗುತ್ತ, ಮೇಲೆ ಮೋಡ, ಕೆಳಗೆ ಕಾಡು, ಎರಡೂ ಬದಿಗೆ ಬೆಟ್ಟ ಇರುವಲ್ಲಿಗೆ ಬಂದು ಮುಟ್ಟುತ್ತಾನೆ.

ಅಲ್ಲಿಂದ ಹಿಂತಿರುಗಲು ಜಾಗ ಬೇಕು. ಗಂಟೆಗೆ ಸುಮಾರು 185 ಕಿಲೋಮೀಟರ್, ಅಂದರೆ 100 ನಾಟ್ ವೇಗದಲ್ಲಿ ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗುವ ವಿಮಾನ ಮುಖ ತಿರುಗಿಸಲು ಒಂದು ನಿಮಿಷ ಬೇಕು, ಆ ಅರ್ಧವೃತ್ತಕ್ಕೆ ಸುಮಾರು 2 ಕಿಲೋಮೀಟರ್ ಅಗಲ ಬೇಕು. ಕಣ್ಣಿನಿಂದ ನೋಡಿ ಹಾರುವ ವಿಎಫ್‌ಆರ್ ನಿಯಮವು 10,000 ಅಡಿಗಿಂತ ಕೆಳಗೆ 5 ಕಿಲೋಮೀಟರ್ ದೂರ ಕಾಣಬೇಕು, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ-ಕೆಳಗೆ 1,000 ಅಡಿ ದೂರವಿರಬೇಕು ಎನ್ನುವುದರ ಹಿಂದಿನ ಲೆಕ್ಕ ಇದರಿಂದ ಅರ್ಥವಾಗುತ್ತದೆ. ಅದೇ ವೇಗದಲ್ಲಿ 1,500 ಮೀಟರ್ ಸಾಗಲು ಅರ್ಧ ನಿಮಿಷ ಸಾಕು.

ಉತ್ತರ: ಮಡಕಶಿರಾದ ಓದುಗ

ಗುಡುಗುಮೋಡದ ವಿಷಯವನ್ನು ಸರ್ ಬದಿಗಿಟ್ಟಿದ್ದರು, ಆಂಧ್ರದಲ್ಲಿರುವ ನಮಗೆ ಅದು ಮರೆಯುವಂಥದ್ದಲ್ಲ. 2009ರ ಸೆಪ್ಟೆಂಬರ್ 2ರಂದು ಹೈದರಾಬಾದಿನಿಂದ ಚಿತ್ತೂರು ಜಿಲ್ಲೆಗೆ ಹೊರಟ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಬೆಲ್ 430 ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿದ್ದು ಐವರು ತೀರಿಕೊಂಡರು. ಆ ದಾರಿಯಲ್ಲಿ ಗುಡುಗುಮೋಡಗಳಿದ್ದವು, ಕೆಳಮುಖವಾಗಿ ನುಗ್ಗುವ ಬಲವಾದ ಗಾಳಿಗೆ ಸಿಕ್ಕಿ ಹತೋಟಿ ತಪ್ಪಿತು ಎಂದು ತನಿಖೆ ಹೇಳಿತು. ಇಂಥ ಮೋಡವನ್ನು ದೊಡ್ಡ ವಿಮಾನಗಳೂ ರೇಡಾರ್ ನೋಡಿ ಸುತ್ತಿಬಳಸಿ ದಾಟುತ್ತವೆ.

ಮರುಪ್ರಶ್ನೆ: ಬದಿಯಡ್ಕದ ಶಿಕ್ಷಕಿ

ಎಲ್ಲವನ್ನೂ ಅಕ್ಕನಿಗೆ ಓದಿ ಹೇಳಿದೆ. ಅವಳ ಪ್ರಶ್ನೆ ಒಂದೇ: ಎಷ್ಟು ಜಾಗ್ರತೆ ಇದ್ದರೂ ಒಮ್ಮೆ ಹೊಕ್ಕೇಬಿಟ್ಟರೆ ಹುಡುಗ ಏನು ಮಾಡಬೇಕು, ಮನೆಯವರಾದ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ನಿವೃತ್ತ ಪೈಲಟ್, ಕುಂಬಳೆ

ಅಕ್ಕನಿಗೆ ಧೈರ್ಯ ಹೇಳಿ ಟೀಚರ್. ಇಲಿನಾಯ್ ಪ್ರಯೋಗವನ್ನು ಎಲ್ಲರೂ 178 ಸೆಕೆಂಡಿನ ಅಂಕಿಗೆ ನಿಲ್ಲಿಸಿಬಿಡುತ್ತಾರೆ. ಅದರ ಎರಡನೆಯ ಭಾಗ ನನಗೆ ಹೆಚ್ಚು ಮುಖ್ಯ. ಅದೇ ಜನರಿಗೆ ಕೆಲವು ಗಂಟೆಗಳ ಒಂದು ಸರಳ ಕ್ರಮವನ್ನು ಕಲಿಸಿದರು: ವೇಗ ತಗ್ಗಿಸಿ, ಚಕ್ರಗಳನ್ನು ಇಳಿಸಿ ವಿಮಾನವನ್ನು ಸ್ಥಿರಗೊಳಿಸಿ, ಕಂಟ್ರೋಲಿನಿಂದ ಕೈ ತೆಗೆದು, ಕಾಲಿನಿಂದ ಒತ್ತುವ ಬಾಲದ ಚುಕ್ಕಾಣಿ, ಅಂದರೆ ರಡ್ಡರ್‌ನಿಂದಷ್ಟೇ ಮೆಲ್ಲನೆ ಹಿಂತಿರುಗಿ ಬಂದ ದಾರಿಗೆ ಮರಳುವುದು. ಆಮೇಲೆ ಪರೀಕ್ಷಿಸಿದಾಗ ಬಹುತೇಕ ಪ್ರತಿಸಲವೂ ಅವರು ಸುರಕ್ಷಿತವಾಗಿ ಹೊರಬಂದರು. ಇಂದಿನ ತರಬೇತಿಯಲ್ಲಿ ಉಪಕರಣದ ಹಾರಾಟವೂ ಸೇರಿದೆ. ಹೊರಗಿನದು ಕಾಣದಂತೆ ತಲೆಗೆ ಹುಡ್ ಹಾಕಿಕೊಂಡು, ಪಕ್ಕದಲ್ಲಿ ಶಿಕ್ಷಕನೊಂದಿಗೆ ಅಭ್ಯಾಸ ಮಾಡಿಸುತ್ತಾರೆ. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಕನಿಷ್ಠ 40 ಗಂಟೆ ಇಂಥ ಹಾರಾಟ ಬೇಕು, ಅದರಲ್ಲಿ ಅರ್ಧದವರೆಗೆ ಸಿಮ್ಯುಲೇಟರ್‌ನಲ್ಲಿ ಆಗಬಹುದು. ಸಿಮ್ಯುಲೇಟರ್ ಕುರ್ಚಿ ಒಳಗಿವಿಯನ್ನು ಮೋಸಗೊಳಿಸುವುದಿಲ್ಲವಾದ್ದರಿಂದ, ನಿಜವಾದ ವಿಮಾನದಲ್ಲಿ ಹುಡ್ ಹಾಕಿದ ಗಂಟೆಗಳು ಎಷ್ಟಾದವು ಎಂದು ಹುಡುಗನನ್ನು ಕೇಳುತ್ತಿರಿ. ಆಟೋಪೈಲಟ್ ಇರುವ ವಿಮಾನವಾದರೆ ರೆಕ್ಕೆ ಇನ್ನೂ ಸಮವಾಗಿರುವಾಗಲೇ ಅದನ್ನು ಹಾಕುವುದು ಅತ್ಯುತ್ತಮ. ಮೋಡ ಹೊಕ್ಕೆನೆಂದು ಎಟಿಸಿಗೆ ತಕ್ಷಣ ಹೇಳಬೇಕು, ನಾಚಿಕೆಪಡಬಾರದು. ತುರ್ತು ಕರೆಗೆಂದೇ 121.5 ಮೆಗಾಹರ್ಟ್ಸ್ ಇದೆ.

ಮನೆಯವರ ಪಾಲೂ ಇದೆ, ಅದು ಸಣ್ಣದಲ್ಲ. ಕೋಬಿ ಬ್ರಯಂಟ್ ಪ್ರಕರಣದಲ್ಲಿ ಯಾರೂ ಒತ್ತಾಯಿಸದಿದ್ದರೂ ಚಾಲಕ ತನ್ನ ಮೇಲೆ ತಾನೇ ಹೇರಿಕೊಂಡ ಒತ್ತಡವನ್ನು ಎನ್‌ಟಿಎಸ್‌ಬಿ ಹೆಸರಿಸಿ ಬರೆದಿದೆ. ಬಂದವರಿಗೆ ನಿರಾಸೆಯಾಗಬಾರದು, ಮಾತು ಕೊಟ್ಟಾಗಿದೆ, ಅರ್ಧ ದಾರಿ ಬಂದಾಗಿದೆ ಎಂಬ ಯೋಚನೆಗಳೇ ಪೈಲಟನ್ನು ಮೋಡದ ಕಡೆಗೆ ದೂಡುತ್ತವೆ. ಮುಂದೆ ಅವನು ತಾನೇ ವಿಮಾನ ಹಾರಿಸಿಕೊಂಡು ಬರುವ ದಿನ, ಪೂಜೆಯ ಮುಹೂರ್ತಕ್ಕೆ ಮುಟ್ಟಬೇಕು, ಎಲ್ಲರೂ ಊಟಕ್ಕೆ ಕಾಯುತ್ತಿದ್ದಾರೆ ಎಂದು ಯಾರೂ ಫೋನಿನಲ್ಲಿ ಹೇಳದಿರಿ. ಹವೆ ಸರಿಯಿಲ್ಲ, ಹೊರಡುವುದಿಲ್ಲ ಎಂದು ಅವನು ತಿಳಿಸಿದಾಗ ಏಕೆ ಎಂಬ ಎದುರುಪ್ರಶ್ನೆಯಿಲ್ಲದೆ ಆಗಲಿ ಮಗ ಎಂದು ಅಕ್ಕ ಹೇಳಿದರೆ, ಅಷ್ಟರ ಮಟ್ಟಿಗೆ ಅವನ ತಲೆಯ ಭಾರ ಇಳಿಯುತ್ತದೆ.